ರಾಜ್ಯಕ್ಕೊಂದು ಹವಾಮಾನ ಕಾಯ್ದೆ: ದಾವಣಗೆರೆ, ಚಿತ್ರದುರ್ಗದಿಂದ ವಿಧಾನಸೌಧಕ್ಕೆ ದಾರಿ

ತಾಪಮಾನ ಏರಿಕೆ ಎಂದ ಕೂಡಲೇ ದೆಹಲಿಯತ್ತಲೋ ವಿಶ್ವಸಂಸ್ಥೆಯತ್ತಲೋ ನೋಡುವುದು ನಮ್ಮ ರೂಢಿ. ಆದರೆ ಭದ್ರಾ ನಾಲೆಗೆ ಯಾವಾಗ ನೀರು ಬಿಡಬೇಕು, ಚಳ್ಳಕೆರೆಯ ಕೊಳವೆಬಾವಿಗೆ ಎಷ್ಟು ಗಂಟೆ ತ್ರೀಫೇಸ್ ಕೊಡಬೇಕು, ದಾವಣಗೆರೆಯಲ್ಲಿ ಹೊಸ ಕಟ್ಟಡಕ್ಕೆ ಯಾವ ಷರತ್ತಿನ ಮೇಲೆ ಪರವಾನಗಿ ಕೊಡಬೇಕು, ಯಾವ ವಾಹನಕ್ಕೆ ಎಷ್ಟು ತೆರಿಗೆ ಹಾಕಬೇಕು ಎಂಬುದೆಲ್ಲ ತೀರ್ಮಾನವಾಗುವುದು ಬೆಂಗಳೂರಿನಲ್ಲಿ. ಈ ತೀರ್ಮಾನಗಳನ್ನು ಕಾನೂನಿನ ಚೌಕಟ್ಟಿಗೆ ತರಿಸುವುದು ಹೇಗೆ ಎಂಬುದನ್ನು ಈ ಎರಡು ಜಿಲ್ಲೆಗಳ ಸಂಘಟನೆಗಳು, ಕಾಲೇಜು ಗುಂಪುಗಳು ಮತ್ತು ರೈತರಿಗಾಗಿ ಇಲ್ಲಿ ಬರೆದಿದ್ದೇವೆ.

ಕರ್ನಾಟಕದಲ್ಲಿ ನೀತಿಗಳಿಗೆ ಬರವಿಲ್ಲ. ವಿದ್ಯುತ್ ವಾಹನ ನೀತಿಯನ್ನು 2017ರಲ್ಲಿ ದೇಶದಲ್ಲೇ ಮೊದಲು ತಂದದ್ದು ನಮ್ಮ ರಾಜ್ಯ. 2022–27ರ ನವೀಕರಿಸಬಹುದಾದ ಇಂಧನ ನೀತಿ ಇದೆ, ರಾಜ್ಯ ಸರ್ಕಾರದ ಪರಿಸರ ಸಂಶೋಧನಾ ಸಂಸ್ಥೆಯಾದ ಎಂಪ್ರಿ ಸಿದ್ಧಪಡಿಸಿದ ಹವಾಮಾನ ಬದಲಾವಣೆ ಕ್ರಿಯಾ ಯೋಜನೆಯೂ ಇದೆ. ಆದರೆ ನೀತಿಯಲ್ಲಿ ಬರೆದ ಗುರಿ ತಪ್ಪಿದರೆ ಉತ್ತರ ಕೊಡಬೇಕಾದವರು ಯಾರೂ ಇಲ್ಲ. ಅವಧಿ ಮುಗಿದರೆ ನೀತಿ ಸತ್ತಂತೆ, ಸರ್ಕಾರ ಬದಲಾದರೆ ಕಡತ ಕಪಾಟಿಗೆ. ಕಾಯ್ದೆಯಾದರೆ ಹಾಗಲ್ಲ. ಅದನ್ನು ತೆಗೆಯಬೇಕಾದರೂ ಸದನದ ಮುಂದೆಯೇ ಬರಬೇಕು, ಉಲ್ಲಂಘಿಸಿದರೆ ಹೈಕೋರ್ಟಿಗೆ ಹೋಗಬಹುದು. ಇಷ್ಟೊಂದು ಶ್ರಮ ಹಾಕುವುದು ಈ ವ್ಯತ್ಯಾಸಕ್ಕಾಗಿ.

ರಾಜ್ಯದ ಅಧಿಕಾರ ಎಲ್ಲಿಯವರೆಗೆ?

ಬಹಳಷ್ಟು ಮನವಿಗಳು ಬಿದ್ದುಹೋಗುವುದು ಇಲ್ಲೇ. "ಇದು ಕೇಂದ್ರದ ವಿಷಯ" ಎಂಬ ಒಂದು ಸಾಲಿನ ಹಿಂಬರಹ ಸಾಕು, ಕಡತ ಮುಚ್ಚುತ್ತದೆ. ಆದ್ದರಿಂದ ಸಂವಿಧಾನದ ಏಳನೇ ಅನುಸೂಚಿಯನ್ನು ಮೊದಲು ಓದಿ. ಕೃಷಿ, ನೀರು, ಭೂಮಿ, ಸ್ಥಳೀಯ ಸಂಸ್ಥೆಗಳು, ವಾಹನ ತೆರಿಗೆ, ವಿದ್ಯುತ್ ಬಳಕೆಯ ಮೇಲಿನ ತೆರಿಗೆ ರಾಜ್ಯ ಪಟ್ಟಿಯಲ್ಲಿವೆ. ವಿದ್ಯುತ್ (38ನೇ ನಮೂದು), ಅರಣ್ಯ (17ಎ) ಮತ್ತು ಮೋಟಾರು ವಾಹನಗಳು (35) ಕೇಂದ್ರ, ರಾಜ್ಯ ಎರಡೂ ಕಾನೂನು ಮಾಡಬಹುದಾದ ಸಮವರ್ತಿ ಪಟ್ಟಿಯಲ್ಲಿವೆ. ಸಮವರ್ತಿ ವಿಷಯದಲ್ಲಿ ರಾಜ್ಯದ ಕಾನೂನು ಕೇಂದ್ರದ ಕಾನೂನಿಗೆ ಡಿಕ್ಕಿ ಹೊಡೆದರೆ 254ನೇ ವಿಧಿಯಂತೆ ಕೇಂದ್ರದ್ದೇ ನಿಲ್ಲುತ್ತದೆ. ರಾಷ್ಟ್ರಪತಿಗಳ ಅಂಕಿತ ಪಡೆದಿದ್ದರೆ ಮಾತ್ರ ರಾಜ್ಯದ್ದು ಆ ರಾಜ್ಯದೊಳಗೆ ಉಳಿಯುತ್ತದೆ.

ಇದರಿಂದ ಕಲಿಯಬೇಕಾದದ್ದು ಇಷ್ಟು. ದೊಡ್ಡ ಕಾರ್ಖಾನೆಗಳ ಇಂಗಾಲದ ಮೇಲೆ ರಾಜ್ಯವೇ ಮಿತಿ ಹೇರಲಿ ಎಂದು ಕೇಳಿದರೆ ಅದು 2001ರ ಇಂಧನ ಸಂರಕ್ಷಣಾ ಕಾಯ್ದೆಯ ಅಡಿ ಕೇಂದ್ರ ತಂದಿರುವ ಇಂಗಾಲ ವ್ಯಾಪಾರ ಯೋಜನೆಗೆ (ಮಿತಿಗಿಂತ ಕಡಿಮೆ ಉಗುಳಿದವರು ಆ ಉಳಿಕೆಯನ್ನು ಮಾರಬಹುದಾದ ವ್ಯವಸ್ಥೆ) ತಗುಲುತ್ತದೆ. ಅಲ್ಲಿ ಕೈ ಹಾಕಬೇಡಿ. ನೀರಾವರಿ, ಪಂಪ್‌ಸೆಟ್, ಕಟ್ಟಡ, ಸರ್ಕಾರಿ ಬಸ್ಸು, ನಗರದ ಕಸ, ಸರ್ಕಾರದ ಖರೀದಿ: ಇವಿಷ್ಟನ್ನು ಹಿಡಿದರೆ ರಾಜ್ಯಕ್ಕೆ ಜಾರಿಕೊಳ್ಳಲು ದಾರಿ ಇರುವುದಿಲ್ಲ.

ಮನವಿಯ ಬೆನ್ನಿಗೆ ನಿಲ್ಲುವ ಕಾನೂನಿನ ಆಧಾರವೂ ಇದೆ. 48ಎ ವಿಧಿ ಪರಿಸರ ರಕ್ಷಣೆಯನ್ನು ರಾಜ್ಯದ ಕರ್ತವ್ಯ ಎನ್ನುತ್ತದೆ. 2024ರಲ್ಲಿ ಎಂ.ಕೆ. ರಂಜಿತ್‌ಸಿಂಹ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಹವಾಮಾನ ಬದಲಾವಣೆಯ ದುಷ್ಪರಿಣಾಮದಿಂದ ರಕ್ಷಣೆ ಪಡೆಯುವ ಹಕ್ಕನ್ನು 14 ಮತ್ತು 21ನೇ ವಿಧಿಗಳಲ್ಲಿ ಗುರುತಿಸಿತು. ಮನವಿಯ ಮೊದಲ ಪುಟದಲ್ಲೇ ಇವೆರಡೂ ಇರಲಿ.

ಕೇಳುವುದನ್ನು ಒಂದೇ ಪುಟಕ್ಕೆ ಇಳಿಸಿ

ಎಷ್ಟು, ಯಾವಾಗಿನೊಳಗೆ, ಯಾರು, ಯಾವ ದುಡ್ಡಿನಲ್ಲಿ, ತಪ್ಪಿದರೆ ಏನು? ಈ ಐದಕ್ಕೆ ಉತ್ತರವಿಲ್ಲದ ಹವಾಮಾನ ಕಾಯ್ದೆ ಬರೀ ಭಾಷಣ. ಐದರಲ್ಲಿ ಹೆಚ್ಚಾಗಿ ಬಿಟ್ಟುಹೋಗುವುದು "ಯಾರು" ಎಂಬುದು. ಇಲಾಖೆ ಎಂದಷ್ಟೇ ಬರೆದರೆ ಯಾರೂ ಅಲ್ಲ. ಹುದ್ದೆಯನ್ನು ಬರೆಯಿರಿ: ನೀರಾವರಿ ನಿಗಮದ ಮುಖ್ಯ ಎಂಜಿನಿಯರ್, ಪಾಲಿಕೆ ಆಯುಕ್ತರು, ಜಿಲ್ಲಾಧಿಕಾರಿ.

ಇಂಥ ಕಾನೂನು ಹೊಸ ಕಲ್ಪನೆಯೇನಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ 2006ರಲ್ಲಿ ಕಾಯ್ದೆ ಮಾಡಿ, 2020ರೊಳಗೆ ಹಸಿರುಮನೆ ಅನಿಲಗಳ (ಭೂಮಿಯ ಬಿಸಿ ಹೆಚ್ಚಿಸುವ ಅನಿಲಗಳ) ಹೊರಸೂಸುವಿಕೆಯನ್ನು 1990ರ ಮಟ್ಟಕ್ಕೆ ಇಳಿಸಬೇಕೆಂದು ಬರೆಯಿತು. 2016ರಲ್ಲೇ ಆ ಗುರಿ ಮುಟ್ಟಿತು. ಮ್ಯಾಸಚೂಸೆಟ್ಸ್‌ನ 2008ರ ಕಾಯ್ದೆಯ ಕತೆ ನಮಗೆ ಇನ್ನೂ ಹತ್ತಿರದ ಪಾಠ. ವರ್ಷದಿಂದ ವರ್ಷಕ್ಕೆ ಇಳಿಯುವ ಮಿತಿಗಳನ್ನು ನಿಯಮದ ಮೂಲಕ ನಿಗದಿ ಮಾಡಬೇಕೆಂದು ಅದರಲ್ಲಿತ್ತು, ಇಲಾಖೆ ಮಾಡಲಿಲ್ಲ. ನಾಲ್ವರು ಹದಿಹರೆಯದವರು ಪರಿಸರ ಸಂಘಟನೆಗಳ ಜೊತೆ ಸೇರಿ ಮೊಕದ್ದಮೆ ಹೂಡಿದರು. 2016ರಲ್ಲಿ ಆ ರಾಜ್ಯದ ಅತ್ಯುನ್ನತ ನ್ಯಾಯಾಲಯ ಇಲಾಖೆ ಮಾಡಲೇಬೇಕು ಎಂದು ತೀರ್ಪಿತ್ತಿತು. ಕಾಯ್ದೆಯ ವಾಕ್ಯವೇ ಕಡ್ಡಾಯದ್ದಾಗಿದ್ದರಿಂದ ಗೆದ್ದರು. ನಿಮ್ಮ ಕರಡಿನಲ್ಲೂ "ಮಾಡಬಹುದು" ಇರುವ ಕಡೆಯೆಲ್ಲ "ಮಾಡತಕ್ಕದ್ದು" ಎಂದು ತಿದ್ದಿ. ಒಂದು ಮಾದರಿ:

"ರಾಜ್ಯ ಸರ್ಕಾರವು ಪ್ರತಿ ವರ್ಷ ಡಿಸೆಂಬರ್ 31ರೊಳಗೆ, ಹಿಂದಿನ ಆರ್ಥಿಕ ವರ್ಷದಲ್ಲಿ ಪ್ರತಿ ಜಿಲ್ಲೆಯಿಂದ ಹೊರಬಂದ ಹಸಿರುಮನೆ ಅನಿಲಗಳ ವಲಯವಾರು ಲೆಕ್ಕವನ್ನು ವಿಧಾನಮಂಡಲದ ಎರಡೂ ಸದನಗಳ ಮುಂದೆ ಇಡತಕ್ಕದ್ದು."

ಈ ಒಂದು ಕಲಂ ಸಿಕ್ಕಿದರೂ ದೊಡ್ಡ ಗೆಲುವು. ಲೆಕ್ಕ ಸದನಕ್ಕೆ ಬಂದರೆ ಪತ್ರಿಕೆಗೆ ಬರುತ್ತದೆ, ಪತ್ರಿಕೆಗೆ ಬಂದರೆ ಜಿಲ್ಲೆಯ ಅಭಿವೃದ್ಧಿ ಪರಿಶೀಲಿಸುವ ಕೆಡಿಪಿ ಸಭೆಯಲ್ಲಿ ಪ್ರಶ್ನೆಯಾಗುತ್ತದೆ.

ಊರಿನ ಲೆಕ್ಕ ಹಾಕುವುದು

ಶಾಸಕರ ಮುಂದೆ ಹಿಮಗಡ್ಡೆ ಕರಗುವ ಮಾತು ನಡೆಯುವುದಿಲ್ಲ. ಅವರ ಕ್ಷೇತ್ರದ ಗದ್ದೆ, ಪಂಪು, ಬಸ್ಸಿನ ಲೆಕ್ಕ ನಡೆಯುತ್ತದೆ.

ಭತ್ತದಿಂದ ಶುರು ಮಾಡಿ. ದಾವಣಗೆರೆ, ಹರಿಹರ, ಹೊನ್ನಾಳಿ, ಚನ್ನಗಿರಿಯ ಅಚ್ಚುಕಟ್ಟಿನಲ್ಲಿ ಗದ್ದೆ ಸದಾ ನೀರಲ್ಲಿ ನಿಂತಾಗ ಮಣ್ಣಿಗೆ ಗಾಳಿ ಸಿಗದೆ ಸೂಕ್ಷ್ಮಜೀವಿಗಳು ಮೀಥೇನ್ ಹುಟ್ಟಿಸುತ್ತವೆ. ವಿಶ್ವಸಂಸ್ಥೆಯ ಹವಾಮಾನ ವಿಜ್ಞಾನ ಸಮಿತಿಯಾದ ಐಪಿಸಿಸಿಯ 2019ರ ಮಾರ್ಗಸೂಚಿ ದಕ್ಷಿಣ ಏಷ್ಯಾಕ್ಕೆ ಕೊಡುವ ಸರಾಸರಿ ದಿನಕ್ಕೆ ಹೆಕ್ಟೇರಿಗೆ 0.85 ಕಿಲೋ. 120 ದಿನದ ಬೆಳೆಗೆ 102 ಕಿಲೋ ಮೀಥೇನ್. ನೂರು ವರ್ಷದ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡ್‌ಗಿಂತ 28 ಪಟ್ಟು ಬಿಸಿ ಹಿಡಿಯುತ್ತದೆಂದು ಗುಣಿಸಿದರೆ ಸುಮಾರು 2,850 ಕಿಲೋ ಇಂಗಾಲದ ಡೈಆಕ್ಸೈಡ್‌ಗೆ ಸಮ. ಎಕರೆಗೆ ಹತ್ತಿರ ಹತ್ತಿರ 1,150 ಕಿಲೋ. ನಡುನಡುವೆ ಹಲವು ಸಲ ನೀರು ಇಳಿಸಿದರೆ ಅದೇ ಮಾರ್ಗಸೂಚಿಯ ಗುಣಾಂಕ 0.55 (ಮೀಥೇನ್ ನೂರಕ್ಕೆ 55ಕ್ಕೆ ಇಳಿಯುತ್ತದೆ). ಅಂದರೆ ಎಕರೆಗೆ ಸುಮಾರು 520 ಕಿಲೋ ಉಳಿತಾಯ, ಹತ್ತು ಸಾವಿರ ಎಕರೆಗೆ ಒಂದು ಬೆಳೆಯಲ್ಲಿ 5,200 ಟನ್.

ಪದ್ಧತಿಯೂ ಕಷ್ಟದ್ದಲ್ಲ. ರಂಧ್ರ ಕೊರೆದ ಒಂದಡಿ ಪಿವಿಸಿ ಪೈಪನ್ನು ಗದ್ದೆಯಲ್ಲಿ ಹೂತು, ಒಳಗಿನ ನೀರು ನೆಲಮಟ್ಟದಿಂದ 15 ಸೆಂ.ಮೀ. ಕೆಳಗಿಳಿದಾಗ ಮತ್ತೆ ನೀರು ಹಾಯಿಸುವುದು. ನಾಟಿಯಾದ ಮೊದಲ ಎರಡು ವಾರ ಮತ್ತು ಹೂ ಬಿಡುವ ಹೊತ್ತಿನಲ್ಲಿ ಮಾತ್ರ ನೀರು ನಿಂತಿರಬೇಕು. ಯೂರಿಯಾ ಹೆಚ್ಚು ಸುರಿದ ಗದ್ದೆಯನ್ನು ಒಣಗಿಸಿದರೆ ನೈಟ್ರಸ್ ಆಕ್ಸೈಡ್ ಏರಿ ಉಳಿತಾಯದ ಒಂದು ಪಾಲು ಹೋಗುತ್ತದೆ, ಆದ್ದರಿಂದ ಗೊಬ್ಬರದ ಸಲಹೆಯೂ ಜೊತೆಗೇ ಹೋಗಬೇಕು.

ಆದರೆ ನಿಜವಾದ ತೊಡಕು ಬೇರೆಯೇ ಇದೆ. ಭದ್ರಾ ನಾಲೆಗೆ ಆನ್-ಆಫ್ ಪದ್ಧತಿಯಲ್ಲಿ (ಕೆಲವು ದಿನ ಬಿಟ್ಟು, ಕೆಲವು ದಿನ ನಿಲ್ಲಿಸಿ) ನೀರು ಹರಿಸಿದಾಗ ಕೊನೆಭಾಗದ ರೈತರು ಬೀದಿಗಿಳಿದದ್ದು ಈ ಜಿಲ್ಲೆಯಲ್ಲಿ ಎಲ್ಲರಿಗೂ ಗೊತ್ತು. ಗದ್ದೆ ಒಣಗಿಸಿ ಎಂದರೆ ನಮ್ಮ ನೀರು ಕಿತ್ತುಕೊಳ್ಳುವ ಹುನ್ನಾರ ಎಂದು ಅವರು ತಿಳಿಯುವುದು ಸಹಜ, ತಿಳಿದರೆ ತಪ್ಪೂ ಅಲ್ಲ. ನೀರು ಮತ್ತೆ ಯಾವತ್ತು ಬರುತ್ತದೆಂಬ ಖಾತರಿ ಇಲ್ಲದವನು ಬಂದ ನೀರನ್ನು ನಿಲ್ಲಿಸಿಕೊಳ್ಳದೆ ಇನ್ನೇನು ಮಾಡಿಯಾನು? ಹಾಗಾಗಿ ಕರಡಿನಲ್ಲಿ ರೈತನಿಗೆ ದಂಡ ಬೇಡವೇ ಬೇಡ. ಹೊಣೆ ನೀರಾವರಿ ನಿಗಮದ ಮೇಲಿರಲಿ: ಹಂಗಾಮಿಗೆ ಮುಂಚೆಯೇ ಉಪನಾಲೆವಾರು ಸರದಿ ಪ್ರಕಟಿಸಬೇಕು, ಕೊನೆಭಾಗಕ್ಕೆ ನೀರು ಮುಟ್ಟಿದ ದಿನಾಂಕ ದಾಖಲಿಸಬೇಕು, ಸರದಿ ತಪ್ಪಿದರೆ ಪರಿಹಾರ ಕೊಡಬೇಕು. ಹೀಗೆ ಬರೆದ ಕರಡಿಗೆ ಕೊನೆಭಾಗದ ರೈತರೇ ಮೊದಲು ಸಹಿ ಹಾಕಬಲ್ಲರು.

ಚಿತ್ರದುರ್ಗದ ಕಡೆ ಲೆಕ್ಕ ಕೊಳವೆಬಾವಿಯದು. 10 ಎಚ್‌ಪಿ ಪಂಪು ಎಂದರೆ 7.5 ಕಿಲೋವಾಟ್. ದಿನಕ್ಕೆ ಆರು ಗಂಟೆ ಓಡಿದರೆ 45 ಯೂನಿಟ್. ದೇಶದ ಗ್ರಿಡ್‌ನಲ್ಲಿ ಒಂದು ಯೂನಿಟ್‌ಗೆ ಸರಾಸರಿ 0.7 ಕಿಲೋ ಇಂಗಾಲದ ಡೈಆಕ್ಸೈಡ್ ಎಂದು ಹಿಡಿದರೆ ದಿನಕ್ಕೆ 31 ಕಿಲೋ ಮೀರುತ್ತದೆ, ವರ್ಷಕ್ಕೆ 200 ದಿನ ಓಡಿದರೆ 6.3 ಟನ್. 10 ಎಚ್‌ಪಿವರೆಗೆ ವಿದ್ಯುತ್ ಉಚಿತ, ಬಹುಪಾಲು ಪಂಪುಗಳಿಗೆ ಮೀಟರ್ ಇಲ್ಲ. ಮೀಟರ್ ಎಂಬ ಮಾತೆತ್ತಿದರೆ ಚಳವಳಿ ಅಲ್ಲಿಗೇ ಮುಗಿಯುತ್ತದೆ. ಕೇಳಬೇಕಾದದ್ದು ಫೀಡರ್ (ಸಬ್‌ಸ್ಟೇಷನ್‌ನಿಂದ ಪಂಪುಗಳಿಗೆ ಹೋಗುವ ವಿದ್ಯುತ್ ಮಾರ್ಗ) ಮಟ್ಟದ ಸೌರೀಕರಣ: ಸಬ್‌ಸ್ಟೇಷನ್ ಪಕ್ಕದಲ್ಲೇ ಸೋಲಾರ್, ಹಗಲು ಹೊತ್ತು ಖಾತರಿ ತ್ರೀಫೇಸ್. ರಾತ್ರಿ ಹಾವು-ಚೇಳಿನ ನಡುವೆ ಟಾರ್ಚ್ ಹಿಡಿದು ನೀರು ಹಾಯಿಸುವುದು ತಪ್ಪುತ್ತದೆ ಎಂಬುದೇ ಇಲ್ಲಿ ದೊಡ್ಡ ವಾದ.

ಜೋಗಿಮಟ್ಟಿ ಸುತ್ತಲಿನ ಗುಡ್ಡಗಳ ಗಾಳಿಯಂತ್ರಗಳ ವಿಷಯ ಬಂದಾಗ "ಗಾಳಿ ನಮ್ಮದು, ಕರೆಂಟು ಬೆಂಗಳೂರಿಗೆ" ಎಂಬ ಮಾತು ಬಂದೇ ಬರುತ್ತದೆ. ಅದಕ್ಕೆ ಉತ್ತರವೂ ಕರಡಿನೊಳಗೇ ಇರಬೇಕು: ಯೋಜನೆಯ ಆದಾಯದ ಒಂದು ಪಾಲು ಆಯಾ ಗ್ರಾಮ ಪಂಚಾಯಿತಿಗೆ, ಕುರಿಗಾಹಿಗಳ ದಾರಿಗೆ ಅಡ್ಡಿ ಇಲ್ಲ ಎಂಬ ಷರತ್ತು.

ಬಸ್ಸಿನ ಲೆಕ್ಕದಲ್ಲಿ ಎಚ್ಚರ ಬೇಕು. ಲೀಟರಿಗೆ 5 ಕಿ.ಮೀ. ಕೊಡುವ ಡೀಸೆಲ್ ಬಸ್ಸು ಕಿಲೋಮೀಟರಿಗೆ ಸುಮಾರು 0.54 ಕಿಲೋ ಉಗುಳುತ್ತದೆ (ಲೀಟರಿಗೆ 2.68 ಕಿಲೋ). ಕಿಲೋಮೀಟರಿಗೆ ಒಂದು ಯೂನಿಟ್ ತಿನ್ನುವ ವಿದ್ಯುತ್ ಬಸ್ಸು ಕಲ್ಲಿದ್ದಲು ಹೆಚ್ಚಿರುವ ಸರಾಸರಿ ಗ್ರಿಡ್‌ನಲ್ಲಿ 0.7 ಕಿಲೋ! ಇದನ್ನು ಮುಚ್ಚಿಟ್ಟರೆ ಎದುರಾಳಿಗಳು ಹುಡುಕಿ ತೆಗೆಯುತ್ತಾರೆ. ಡಿಪೋಗೆ ಗಾಳಿ ಅಥವಾ ಸೌರ ವಿದ್ಯುತ್ತನ್ನೇ ಖರೀದಿಸತಕ್ಕದ್ದು ಎಂಬ ಕಲಂ ಸೇರಿದಾಗ ಮಾತ್ರ ವಾದ ಗಟ್ಟಿ.

ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ವಿಷಯದಲ್ಲೂ ಇಂಥದೇ ಗೊಂದಲ. ಭತ್ತದ ಹೊಟ್ಟು ಉರಿಸಿದಾಗ ಬರುವ ಇಂಗಾಲದ ಡೈಆಕ್ಸೈಡನ್ನು ಪಳೆಯುಳಿಕೆ ಇಂಧನದ ಲೆಕ್ಕಕ್ಕೆ ಸೇರಿಸುವುದಿಲ್ಲ, ಬೆಳೆ ಮತ್ತೆ ಬೆಳೆದು ಅದನ್ನು ಹೀರುತ್ತದೆ. ಭಟ್ಟಿಯ ಹೊಗೆ ಅಲ್ಲಿ ದುಡಿಯುವವರ ಎದೆಗೆ ಹೊಡೆಯುವ ಆರೋಗ್ಯದ ಸಮಸ್ಯೆ, ಅದಕ್ಕೆ ಮಾಲಿನ್ಯ ನಿಯಂತ್ರಣ ಮಂಡಳಿಯ ದಾರಿ ಬೇರೆ ಇದೆ. ಎರಡನ್ನೂ ಒಂದೇ ಮನವಿಯಲ್ಲಿ ಕಲಸಿದರೆ ಸಣ್ಣ ಭಟ್ಟಿಯವರು ಸುಮ್ಮನೆ ವಿರೋಧಿಗಳಾಗುತ್ತಾರೆ.

ಮಾಹಿತಿ ಹಕ್ಕಿನಿಂದ ಕಾಗದ ತೆಗೆಸುವುದು

ಸರಾಸರಿ ಅಂಕಿಗಳ ಮೇಲೆ ಊರಿನ ಅಂಕಿ ಬೇಕು. ವಿದ್ಯುತ್ ಸರಬರಾಜು ಕಂಪನಿ ಬೆಸ್ಕಾಂ (ಎರಡೂ ಜಿಲ್ಲೆಗಳು ಅದರ ವ್ಯಾಪ್ತಿಗೇ ಬರುತ್ತವೆ), ನೀರಾವರಿ ನಿಗಮ, ಪಾಲಿಕೆ ಅಥವಾ ನಗರಸಭೆ, ಸಾರಿಗೆ ವಿಭಾಗ: ಒಂದೊಂದಕ್ಕೂ ಬೇರೆ ಬೇರೆ ಅರ್ಜಿ ಹಾಕಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮೀರುವಂತಿಲ್ಲ, ಶುಲ್ಕ ₹10. ಬಿಪಿಎಲ್ ಕುಟುಂಬದವರಿಗೆ ಶುಲ್ಕವಿಲ್ಲ. "ಯಾಕೆ ಮಾಡಿಲ್ಲ" ಎಂದು ಕೇಳಿದರೆ ಅದು ಮಾಹಿತಿಯಲ್ಲ ಎಂದು ತಿರಸ್ಕರಿಸುತ್ತಾರೆ. ಹೀಗೆ ಕೇಳಿ: "ಹಿರಿಯೂರು ಉಪವಿಭಾಗದ 11 ಕೆವಿ ಕೃಷಿ ಫೀಡರ್‌ಗಳ ಪಟ್ಟಿ, 2023–24 ಮತ್ತು 2024–25ರಲ್ಲಿ ಪ್ರತಿ ಫೀಡರ್‌ಗೆ ತಿಂಗಳುವಾರು ಹರಿದ ಯೂನಿಟ್‌ಗಳ ದಾಖಲೆಯ ದೃಢೀಕೃತ ಪ್ರತಿ ಒದಗಿಸುವುದು." 30 ದಿನದಲ್ಲಿ ಉತ್ತರ ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ, ಅದೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗ. ಇದಕ್ಕೇ ಅರ್ಧ ವರ್ಷ ಹೋಗಬಹುದೆಂದು ತಿಳಿದು ಎಲ್ಲಕ್ಕಿಂತ ಮೊದಲು ಈ ಅರ್ಜಿಗಳನ್ನು ಹಾಕಿಬಿಡಿ.

ಜೊತೆಗೆ ಯಾರು?

ಪರಿಸರ ಸಂಘದವರಷ್ಟೇ ಹೋದರೆ ಶಾಸಕರು ಚಹಾ ಕೊಟ್ಟು ಕಳಿಸುತ್ತಾರೆ. ರೈತ ಸಂಘ, ಅಕ್ಕಿ ಗಿರಣಿ ಮಾಲೀಕರು, ಸ್ತ್ರೀಶಕ್ತಿ ಸಂಘಗಳು, ಆಟೊ ಚಾಲಕರು, ವಕೀಲರ ಸಂಘ ಜೊತೆಗಿದ್ದರೆ ಮಾತಿನ ತೂಕವೇ ಬೇರೆ. ಸಿರಿಗೆರೆಯ ತರಳಬಾಳು ಮಠ ಕೆರೆ ತುಂಬಿಸುವ ಯೋಜನೆಗಳಲ್ಲಿ ವಹಿಸಿದ ಪಾತ್ರ ನೋಡಿದವರಿಗೆ ಈ ಭಾಗದಲ್ಲಿ ಮಠದ ಮಾತು ಸರ್ಕಾರಕ್ಕೆ ಹೇಗೆ ಮುಟ್ಟುತ್ತದೆಂದು ಹೇಳಬೇಕಿಲ್ಲ. ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಗಾಗಿ ಚಿತ್ರದುರ್ಗದ ಜನ ದಶಕಗಟ್ಟಲೆ ಪಕ್ಷಭೇದವಿಲ್ಲದೆ ಹೋರಾಡಿದ್ದಾರೆ. ಆ ಹೋರಾಟ ಸಮಿತಿಗಳಲ್ಲಿ ದುಡಿದವರಿಗೆ ಕಡತ ಹೇಗೆ ಓಡುತ್ತದೆಂಬ ಅನುಭವವಿದೆ. ಅವರನ್ನು ವೇದಿಕೆಗೆ ಕರೆದರೆ ಸಾಲದು, ಕರಡು ತಿದ್ದಲು ಕೂರಿಸಿ.

ಗ್ರಾಮ ಪಂಚಾಯಿತಿಗಳಿಂದ ನಿರ್ಣಯ ಮಾಡಿಸುವುದು ಸಹಿ ಸಂಗ್ರಹಕ್ಕಿಂತ ಬಲವಾದದ್ದು. ಗ್ರಾಮಸಭೆಯ ವಿಷಯಪಟ್ಟಿಗೆ ಮುಂಚೆಯೇ ಸೇರಿಸಲು ಪಿಡಿಒಗೆ ಲಿಖಿತವಾಗಿ ಕೊಡಿ. ಸಭೆಯ ದಿನ "ಇತರೆ ವಿಷಯ"ದಲ್ಲಿ ಎತ್ತಿದರೆ ನಡಾವಳಿ ಪುಸ್ತಕದಲ್ಲಿ ಅರ್ಧ ಸಾಲಷ್ಟೇ ಸಿಗುತ್ತದೆ. ನಿರ್ಣಯದ ಸಂಖ್ಯೆ, ದಿನಾಂಕ, ಅಧ್ಯಕ್ಷರ ಸಹಿ ಮತ್ತು ಮೊಹರು ಇರುವ ಪ್ರತಿ ಕೈಗೆ ಬರುವವರೆಗೆ ಕೆಲಸ ಮುಗಿದಿಲ್ಲ.

ಸಂಘ ನೋಂದಾಯಿಸುವುದಾದರೆ 1960ರ ಸಂಘಗಳ ನೋಂದಣಿ ಕಾಯ್ದೆಯಡಿ ಕನಿಷ್ಠ ಏಳು ಜನ ಸಾಕು. ವಿದೇಶಿ ದೇಣಿಗೆ ನಿಯಂತ್ರಿಸುವ ಕಾನೂನಾದ ಎಫ್‌ಸಿಆರ್‌ಎ ಅಡಿ ಅನುಮತಿ ಇಲ್ಲದೆ ವಿದೇಶದಿಂದ ಒಂದು ರೂಪಾಯಿಯೂ ಬೇಡ, ಇಡೀ ಚಳವಳಿಯ ಹೆಸರು ಕೆಡಲು ಅದೊಂದೇ ಸಾಕು.

ಹದಿಮೂರು ಶಾಸಕರು

ದಾವಣಗೆರೆ ಜಿಲ್ಲೆಯಲ್ಲಿ ಏಳು ಕ್ಷೇತ್ರ: ದಾವಣಗೆರೆ ಉತ್ತರ, ದಕ್ಷಿಣ, ಮಾಯಕೊಂಡ, ಹರಿಹರ, ಜಗಳೂರು, ಹೊನ್ನಾಳಿ, ಚನ್ನಗಿರಿ. ಚಿತ್ರದುರ್ಗದಲ್ಲಿ ಆರು: ಚಿತ್ರದುರ್ಗ, ಚಳ್ಳಕೆರೆ, ಮೊಳಕಾಲ್ಮೂರು, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ. ಒಟ್ಟು 224ರಲ್ಲಿ ಹದಿಮೂರು ಕಡಿಮೆ ಎನಿಸಬಹುದು, ಆದರೆ ಪಕ್ಷಾತೀತವಾಗಿ ಒಂದೇ ಮಾತು ಆಡುವ ಹದಿಮೂರು ಜನ ಸದನದಲ್ಲಿ ಅಪರೂಪ. 75 ಸದಸ್ಯರ ಪರಿಷತ್ತನ್ನೂ ಮರೆಯಬೇಡಿ. ಶಿಕ್ಷಕರ, ಪದವೀಧರರ ಕ್ಷೇತ್ರಗಳ ಸದಸ್ಯರು ಇಂಥ ವಿಷಯವನ್ನು ಓದಿ ಮಾತಾಡಲು ಹೆಚ್ಚು ಸಿದ್ಧರಿರುತ್ತಾರೆ.

ಶಾಸಕರ ಭೇಟಿಗೆ ಐದು ಜನಕ್ಕಿಂತ ಹೆಚ್ಚು ಬೇಡ, ಕ್ಷೇತ್ರದ ಮತದಾರರೇ ಇರಲಿ. ಸೋಮವಾರದ ಜನಸಂದಣಿಯಲ್ಲಿ ಹೋಗಬೇಡಿ, ಪಿಎ ಜೊತೆ ಮಾತಾಡಿ ಬೇರೆ ಹೊತ್ತು ಗೊತ್ತು ಮಾಡಿಕೊಳ್ಳಿ. ಒಂದು ಪುಟದ ಮನವಿ, ಜೊತೆಗೆ ಕ್ಷೇತ್ರದ ಲೆಕ್ಕದ ಒಂದು ಪುಟ, ಪಂಚಾಯಿತಿ ನಿರ್ಣಯಗಳ ಪ್ರತಿ. ಎರಡು ಪ್ರತಿ ಒಯ್ದು ಒಂದರ ಮೇಲೆ ಸ್ವೀಕೃತಿ ಹಾಕಿಸಿಕೊಳ್ಳಿ. ಬೆಂಬಲಿಸುತ್ತೇವೆ ಎಂದು ಬಾಯಲ್ಲಿ ಹೇಳಿದರೆ ವಿನಯದಿಂದಲೇ ಮುಖ್ಯಮಂತ್ರಿಗಳಿಗೆ ಒಂದು ಪತ್ರ ಕೇಳಿ. ಪತ್ರದ ಕರಡನ್ನು ನೀವೇ ತಯಾರಿಸಿ ಒಯ್ದಿದ್ದರೆ ಸಹಿ ಅಂದೇ ಆಗುತ್ತದೆ.

ಅದಕ್ಕೂ ಮೊದಲ ಹೆಜ್ಜೆ ಸದನದಲ್ಲಿ ಪ್ರಶ್ನೆ. ಸದನದ ಪ್ರಶ್ನೆಗಳ ಧಾಟಿಯಲ್ಲೇ ಬರೆದುಕೊಡಿ: "ಅ) ರಾಜ್ಯದ ಹಸಿರುಮನೆ ಅನಿಲಗಳ ಜಿಲ್ಲಾವಾರು ಲೆಕ್ಕವನ್ನು ಸಿದ್ಧಪಡಿಸಲಾಗಿದೆಯೇ, ಆ) ಇಲ್ಲವಾದಲ್ಲಿ, ಯಾವ ಕಾಲಮಿತಿಯಲ್ಲಿ ಸಿದ್ಧಪಡಿಸಲಾಗುವುದು, ಇ) ಇದಕ್ಕೆ ಹೊಣೆಗಾರರಾದ ಅಧಿಕಾರಿ ಯಾರು? (ಪೂರ್ಣ ವಿವರ ನೀಡುವುದು)". ಸಚಿವರ ಲಿಖಿತ ಉತ್ತರ ದಾಖಲೆಯಾಗಿ ಉಳಿಯುತ್ತದೆ, ಮುಂದಿನ ಮನವಿಗೆ ಅದೇ ಮೆಟ್ಟಿಲು.

ಖಾಸಗಿ ಸದಸ್ಯರ (ಸಚಿವರಲ್ಲದ ಶಾಸಕರ) ವಿಧೇಯಕ ಮಂಡಿಸಿದರೆ ಚರ್ಚೆಯಾಗುತ್ತದೆ, ಕಾಯ್ದೆಯಾಗುವುದು ತೀರಾ ವಿರಳ. ಅದನ್ನು ವಿಷಯ ಎತ್ತಲು ಬಳಸಿ, ಗುರಿ ಮಾತ್ರ ಸರ್ಕಾರಿ ವಿಧೇಯಕವೇ. ಅದರ ದಾರಿ ಹೀಗೆ: ಆಡಳಿತ ಇಲಾಖೆಯ ಟಿಪ್ಪಣಿ, ಆರ್ಥಿಕ ಇಲಾಖೆಯ ಸಹಮತಿ, ಕಾನೂನು ಮತ್ತು ಸಂಸದೀಯ ವ್ಯವಹಾರಗಳ ಇಲಾಖೆಯಲ್ಲಿ ಕರಡು, ಸಚಿವ ಸಂಪುಟ, ಎರಡೂ ಸದನ, ರಾಜ್ಯಪಾಲರ ಅಂಕಿತ, ರಾಜ್ಯಪತ್ರ. ಸಾಮಾನ್ಯವಾಗಿ ಕಡತ ನಿಲ್ಲುವುದು ಆರ್ಥಿಕ ಇಲಾಖೆಯಲ್ಲಿ. ಹೊಸ ಮಂಡಳಿ, ಹೊಸ ಹುದ್ದೆ, ಹೊಸ ನಿಧಿ ಎಂದು ಬರೆದಷ್ಟೂ ಆಕ್ಷೇಪ ಹೆಚ್ಚು, ಸಂಚಿತ ನಿಧಿಯಿಂದ (ರಾಜ್ಯದ ಖಜಾನೆಯಿಂದ) ಖರ್ಚು ಬೇಡುವ ವಿಧೇಯಕಕ್ಕೆ 207ನೇ ವಿಧಿಯಂತೆ ರಾಜ್ಯಪಾಲರ ಶಿಫಾರಸೂ ಬೇಕು. ಆದ್ದರಿಂದ ಮೊದಲ ಕರಡಿನಲ್ಲಿ ಇರುವ ಅಧಿಕಾರಿಗಳಿಗೇ ಹೊಸ ಹೊಣೆ ಕೊಡಿ.

ಕಾಲವೂ ಮುಖ್ಯ. ಬಜೆಟ್ ಸಾಮಾನ್ಯವಾಗಿ ಫೆಬ್ರುವರಿ–ಮಾರ್ಚಿನಲ್ಲಿ. ಬಜೆಟ್ ಭಾಷಣದಲ್ಲಿ ಒಂದು ಸಾಲು ಬರಬೇಕಾದರೆ ನವೆಂಬರ್‌ನಲ್ಲೇ ಇಲಾಖೆಯ ಕೈಯಲ್ಲಿ ಪ್ರಸ್ತಾವ ಇರಬೇಕು. ಬೆಳಗಾವಿಯ ಚಳಿಗಾಲದ ಅಧಿವೇಶನಕ್ಕೆ ದಾವಣಗೆರೆಯಿಂದ ಹೋಗಿಬರುವುದು ಸುಲಭ, ನಿಯೋಗಕ್ಕೆ ಅದೇ ಸರಿಯಾದ ಹೊತ್ತು. ಚುನಾವಣಾ ನೀತಿ ಸಂಹಿತೆ ಜಾರಿಯಾದ ಮೇಲೆ ಸರ್ಕಾರ ಹೊಸ ಯೋಜನೆಯ ಭರವಸೆ ಕೊಡುವಂತಿಲ್ಲ, ಆದರೆ ಪ್ರಣಾಳಿಕೆ ಸಮಿತಿಗಳ ಬಾಗಿಲು ಅದಕ್ಕೂ ಮೊದಲು ತೆರೆದಿರುತ್ತದೆ.

ಕಾಯ್ದೆ ಬರುವವರೆಗೆ ಕೆಇಆರ್‌ಸಿ

ಶಾಸನಕ್ಕೆ ವರ್ಷಗಳು ಹಿಡಿಯಬಹುದು. ಅಲ್ಲಿಯವರೆಗೆ ವಿದ್ಯುತ್ ದರ ನಿಗದಿ ಮಾಡುವ ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗದ (ಕೆಇಆರ್‌ಸಿ) ಮುಂದೆ ಹೋಗಿ. 2003ರ ವಿದ್ಯುತ್ ಕಾಯ್ದೆಯ 64ನೇ ಪ್ರಕರಣದಂತೆ ಬೆಸ್ಕಾಂ ದರ ಅರ್ಜಿ ಹಾಕಿದಾಗ ಸಾರ್ವಜನಿಕರ ಆಕ್ಷೇಪ ಕೇಳಲೇಬೇಕು, 86(1)(ಇ) ಪ್ರಕರಣದಂತೆ ನವೀಕರಿಸಬಹುದಾದ ಇಂಧನಕ್ಕೆ ಉತ್ತೇಜನ ಕೊಡಲೇಬೇಕು. ಪತ್ರಿಕಾ ಪ್ರಕಟಣೆಯಲ್ಲಿ ಹೇಳಿದ ದಿನಾಂಕದೊಳಗೆ, ಹೇಳಿದಷ್ಟು ಪ್ರತಿಗಳೊಂದಿಗೆ, ಪ್ರಮಾಣಪತ್ರ ಕೇಳಿದ್ದರೆ ಅದನ್ನೂ ಸೇರಿಸಿ ಸಲ್ಲಿಸಿ. ಸಲ್ಲಿಸಿದ ಪ್ರತಿ ಆಕ್ಷೇಪಕ್ಕೂ ಆದೇಶದಲ್ಲಿ ಉತ್ತರ ಬರುತ್ತದೆ. ಕರಡಿಗೂ ವಿದ್ಯುತ್ ಸಂಪರ್ಕದಿಂದ ಒಂದು ಪಾಠ ಇದೆ. ಹೊಸ ಮನೆಗೆ ವಿದ್ಯುತ್ ಸಂಪರ್ಕ ಬೇಕಾದರೆ ಸೋಲಾರ್ ವಾಟರ್ ಹೀಟರ್ ಇರಬೇಕೆಂಬ ಷರತ್ತು ಕರ್ನಾಟಕದಲ್ಲಿ ಬೇರೂರಿದ್ದು ಹೇಗೆ? ಪರಿಶೀಲನೆ ಸಂಪರ್ಕ ಕೊಡುವ ಹೊತ್ತಿಗೇ ಕಟ್ಟಿಕೊಂಡಿತ್ತು. 2016ರ ಪ್ಲಾಸ್ಟಿಕ್ ನಿಷೇಧಕ್ಕೆ ಅಂಥ ಗಂಟು ಇರಲಿಲ್ಲ, ಚೀಲಗಳು ಇಂದಿಗೂ ಸಂತೆಯಲ್ಲಿವೆ. ನಿಮ್ಮ ಕರಡಿನ ಪ್ರತಿ ಕಲಮನ್ನೂ ಪರವಾನಗಿ, ಸಂಪರ್ಕ, ಬಿಲ್ಲು, ಟೆಂಡರ್ ಇವುಗಳಲ್ಲಿ ಯಾವುದಾದರೊಂದಕ್ಕೆ ಕಟ್ಟಿ.

ರಾಜ್ಯಪತ್ರದಲ್ಲಿ ಬಂದ ಮೇಲೆ

ಹಾರ ಹಾಕಿಸಿಕೊಂಡು ಮನೆಗೆ ಹೋಗುವ ಹೊತ್ತು ಇದಲ್ಲ. ಕಾಯ್ದೆ ಜಾರಿಗೆ ಬರುವ ದಿನವನ್ನು ಸರ್ಕಾರ ಬೇರೆ ಅಧಿಸೂಚನೆಯಲ್ಲಿ ಹೇಳುವುದುಂಟು, ಆ ಅಧಿಸೂಚನೆ ಬಾರದಿದ್ದರೆ ಕಾಯ್ದೆ ಕಾಗದದಲ್ಲೇ ಉಳಿಯುತ್ತದೆ. "ರಾಜ್ಯಪತ್ರದಲ್ಲಿ ಪ್ರಕಟವಾದ 180 ದಿನದೊಳಗೆ ಜಾರಿಗೆ ಬರತಕ್ಕದ್ದು" ಎಂದು ಕರಡಿನಲ್ಲೇ ಬರೆಸಿ. ಕರಡು ನಿಯಮಾವಳಿ ಪ್ರಕಟವಾದಾಗ ಆಕ್ಷೇಪಣೆಗೆ ಸಾಮಾನ್ಯವಾಗಿ 30 ದಿನ ಸಿಗುತ್ತದೆ. ಕಾಯ್ದೆಯಲ್ಲಿ ಗೆದ್ದದ್ದನ್ನು ನಿಯಮದಲ್ಲಿ ಕಳೆದುಕೊಳ್ಳುವುದು ಈ 30 ದಿನಗಳಲ್ಲೇ. ಸಾಲು ಸಾಲಾಗಿ ಓದಿ, "ಸಾಧ್ಯವಾದಷ್ಟು ಮಟ್ಟಿಗೆ", "ಹಣಕಾಸಿನ ಲಭ್ಯತೆಗೆ ಒಳಪಟ್ಟು" ಎಂಬ ಮಾತುಗಳು ನುಸುಳಿದ ಕಡೆಯೆಲ್ಲ ಲಿಖಿತ ಆಕ್ಷೇಪ ಸಲ್ಲಿಸಿ, ಇನ್‌ವರ್ಡ್ ನಂಬರ್ ಪಡೆಯಿರಿ. ಮೊದಲ ವರ್ಷದ ಜಿಲ್ಲಾ ಲೆಕ್ಕ ಡಿಸೆಂಬರ್ 31ಕ್ಕೆ ಬಾರದಿದ್ದರೆ ಜನವರಿಯಲ್ಲೇ ಹೊಣೆಗಾರ ಅಧಿಕಾರಿಗೆ ವಕೀಲರ ನೋಟಿಸ್ ಹೋಗಲಿ. ಆ ನೋಟಿಸು, ಪಂಚಾಯಿತಿ ನಿರ್ಣಯಗಳು, ಸದನದ ಉತ್ತರ, ಮಾಹಿತಿ ಹಕ್ಕಿನ ಕಾಗದಗಳು ಒಂದೇ ಫೈಲಿನಲ್ಲಿ ದಿನಾಂಕವಾರು ಜೋಡಿಸಿದ್ದರೆ ಹೈಕೋರ್ಟಿನಲ್ಲಿ ರಿಟ್ ಅರ್ಜಿ ಹಾಕುವ ವಕೀಲರಿಗೆ ಅರ್ಧ ಕೆಲಸ ಆಗಲೇ ಮುಗಿದಿರುತ್ತದೆ.